ಆರನೇ ನಂಬರಿನ ಚಕ್

ನಾನು ಅಣ್ಣನಿಗೆ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಸಮಯ ಸಿಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂಬತ್ತು ವರ್ಷ ಸಿಕ್ಕಿತ್ತು. ಬೇಕೆಂದೇ ಹೇಳಲಿಲ್ಲ.

ಹೋದ ತಿಂಗಳು, ಪುಣೆ ಮಗ್ಗುಲಿನ ನಿಗಡಿಯಲ್ಲಿ, ಮಗಳ ಮನೆಯ ಗೋಡೆ ಗಡಿಯಾರಕ್ಕೆ ಸೆಲ್ ಹಾಕಿಸಲು ಹೋಗಿದ್ದೆ. ಬಸ್ ಸ್ಟಾಪಿನ ಹಿಂದೆ ಒಂದು ಸಣ್ಣ ಅಂಗಡಿ. ಅಲ್ಲಿ ಕೂತವನು ಗಾಜಿನ ಬಟ್ಟಲಲ್ಲಿ ಪೆಟ್ರೋಲ್ ಹಾಕಿಕೊಂಡು, ಬ್ರಶ್ ಅದ್ದಿ ಅದ್ದಿ ಒಂದು ಹಳೆಯ ಕೈಗಡಿಯಾರದ ಚಕ್ರಗಳನ್ನು ತೊಳೆಯುತ್ತಿದ್ದ. ಪೆಟ್ರೋಲಿನ ವಾಸನೆ, ಅದರೊಳಗೆ ಹಳೆಯ ಎಣ್ಣೆಯ ಕಮಟು... ಏಳು ವರ್ಷ ಆ ವಾಸನೆಯನ್ನು ಬೆರಳಿನಲ್ಲಿ ಇಟ್ಟುಕೊಂಡೇ ನಾನು ಊಟ ಮಾಡಿದ್ದೇನೆ. ಸೆಲ್ ಹಾಕಿಸದೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

ಅಣ್ಣನ ಗಡಿಯಾರದ ಅಂಗಡಿ ಪುಣೆಯ ಬಿಬವೇವಾಡಿಯಲ್ಲಿತ್ತು. ಒಂದು ಮಗ್ಗುಲಿಗೆ ಇಸ್ತ್ರಿಯವನು, ಇನ್ನೊಂದು ಮಗ್ಗುಲಿಗೆ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ನಮ್ಮ ಮೇಜೂ ನಡುಗುತ್ತಿತ್ತು. ಅದಕ್ಕೇ ಅಣ್ಣ ತೀರ ಸೂಕ್ಷ್ಮದ ಕೆಲಸವನ್ನು ಗಿರಣಿಯವನು ಮಧ್ಯಾಹ್ನ ಊಟಕ್ಕೆ ಹೋದ ಮೇಲೆಯೇ ಮಾಡುತ್ತಿದ್ದ. ಆ ಒಂದೂವರೆ ತಾಸು ಅಂಗಡಿಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಗಿರಾಕಿ ಬಂದರೆ ನಾನು ಬಾಗಿಲಲ್ಲೇ ಕೈಮಾಡಿ ನಿಲ್ಲಿಸಬೇಕು.

ಗಂಡ ತೀರಿಕೊಂಡ ಮೇಲೆ ನಾನು ಮಗಳನ್ನು ಕಟ್ಟಿಕೊಂಡು ಧಾರವಾಡದ ಕಡೆಯ ನಮ್ಮ ಊರಿನಿಂದ ಪುಣೆಗೆ, ಅಣ್ಣನ ಮನೆಗೆ ಬಂದೆ. ಅವನು ಬೇಡ ಅನ್ನಲಿಲ್ಲ. ಹೊಟ್ಟೆಗೆ, ಬಟ್ಟೆಗೆ, ಮಗಳ ಶಾಲೆಗೆ ಕೊರತೆ ಮಾಡಲಿಲ್ಲ. ಆದರೆ ಅವನ ಬಾಯಿ ಕೆಟ್ಟದು. ಸತ್ತವರನ್ನು ಹೊಗಳಬೇಕು ಅನ್ನುತ್ತಾರೆ, ನನ್ನಿಂದ ಆಗುವುದಿಲ್ಲ. ಅವನು ಒಂದು ದಿನವೂ ನನ್ನನ್ನು ಮನುಷ್ಯರ ಹಾಗೆ ಮಾತಾಡಿಸಲಿಲ್ಲ. ಅಂಗಡಿಯಲ್ಲಿ ನನ್ನ ಕೆಲಸ ಬಿಚ್ಚಿದ ಗಡಿಯಾರದ ಭಾಗಗಳನ್ನು ತೊಳೆದು, ಒಣಗಿಸಿ, ಡಬ್ಬಿಯ ಮುಚ್ಚಳದೊಳಗೆ ಸಾಲಾಗಿ ಇಡುವುದು. ಲೇತ್ ಮುಟ್ಟುವಂತಿರಲಿಲ್ಲ.

ಅದು ಒಂದು ಮೊಳಕ್ಕಿಂತ ಕಡಿಮೆ ಉದ್ದದ, ಗಡಿಯಾರ ಮಾಡುವವರ ಲೇತ್. ಪೇಟೆಯಲ್ಲಿ ಅಣ್ಣನಿಗೆ ಕೆಲಸ ಕಲಿಸಿದ ಮರಾಠಿ ಮುದುಕ ಸಾಯುವ ಮೊದಲು ಅವನಿಗೆ ಕೊಟ್ಟು ಹೋದದ್ದು. ಮುದುಕನಿಗೂ ಅದು ಇನ್ಯಾರಿಂದಲೋ ಬಂದಿತ್ತು. ಎಡಗೈಯಿಂದ ಸಣ್ಣ ಗಾಲಿ ತಿರುಗಿಸಬೇಕು, ಗಾಲಿಯಿಂದ ಒಂದು ದಾರ ಲೇತಿಗೆ ಹೋಗುತ್ತದೆ. ಬಲಗೈಯಲ್ಲಿ ಉಳಿ. ತಿರುಗುವ ಕಡ್ಡಿಯನ್ನು ಹಿಡಿಯುವ ತುದಿಗೆ ಅಣ್ಣ ಚಕ್ ಅನ್ನುತ್ತಿದ್ದ. ಮೂರು ಸೀಳಿನ ಸಣ್ಣ ಉಕ್ಕಿನ ಕೊಳವೆ ಅದು. ಒಂದೊಂದು ದಪ್ಪದ ಕಡ್ಡಿಗೆ ಒಂದೊಂದು ಚಕ್, ಒಂದೊಂದರ ಮೇಲೂ ನಂಬರು. ಕಟ್ಟಿಗೆಯ ಹಲಗೆಯ ತೂತುಗಳಲ್ಲಿ ಅವು ಸಾಲಾಗಿ ಕೂತಿರುತ್ತಿದ್ದವು. ವರ್ಷಕ್ಕೊಮ್ಮೆ, ಖಂಡೇನವಮಿಯ ಆಯುಧಪೂಜೆಗೆ ಮಾತ್ರ, ಲೇತ್ ಒರೆಸಿ ಕುಂಕುಮ ಹಚ್ಚುವ ಕೆಲಸ ನನ್ನದು. ಅವತ್ತೂ ಅವನು ಪಕ್ಕದಲ್ಲೇ ನಿಂತು ನನ್ನ ಬೆರಳು ಕಾಯುತ್ತಿದ್ದ.

ಹೆಂಗಸರ ಗಡಿಯಾರದೊಳಗೆ ಓಲಾಡುವ ಚಕ್ರಕ್ಕೆ ಒಂದು ಅಚ್ಚು ಇರುತ್ತದೆ. ಅದರ ತುದಿ ಕೂದಲಿಗಿಂತ ತೆಳು. ಹಳೆಯ ಗಡಿಯಾರ ಕೈಜಾರಿ ಬಿದ್ದರೆ ಮೊದಲು ಮುರಿಯುವುದು ಅದೇ, ಮತ್ತು ಅದು ಎಲ್ಲೂ ಸಿಗುವುದಿಲ್ಲ. ನೀಲಿ ಬಣ್ಣ ಬರುವ ತನಕ ಕಾಯಿಸಿದ ಉಕ್ಕಿನ ಕಡ್ಡಿಯಿಂದ ಕೊರೆದೇ ಮಾಡಬೇಕು. ಒಂದು ಕಡೆ ಕೊರೆದು, ಕಡ್ಡಿಯನ್ನು ಹೊರಳಿಸಿ ಹಿಡಿದು, ಇನ್ನೊಂದು ಕಡೆ ಕೊರೆಯಬೇಕು. ಎರಡೂ ತುದಿ ಒಂದೇ ಗೆರೆಯಲ್ಲಿ ಬಂದರೆ ಗಡಿಯಾರ ನಡೆಯುತ್ತದೆ. ಅಣ್ಣ ಉಸಿರು ಹಿಡಿದು ಕೊರೆಯುತ್ತಿದ್ದ. ಉಕ್ಕು ಸಣ್ಣ ಸುರುಳಿಯಾಗಿ ಎದ್ದು ಅವನ ಉಗುರಿನ ಮೇಲೆ ಬೀಳುತ್ತಿತ್ತು. ನಾನು ಪೆಟ್ರೋಲಿನ ಬಟ್ಟಲ ಮೇಲೆ ಬಗ್ಗಿ ಕಳ್ಳಗಣ್ಣಿನಿಂದ ನೋಡುತ್ತಿದ್ದೆ. ಅಷ್ಟು ಚೆಂದದ ಕೆಲಸವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಅವನು ಅಷ್ಟು ಚೆನ್ನಾಗಿ ಮಾಡುತ್ತಾನೆ ಎಂಬುದಕ್ಕೇ ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

ಒಂದು ದಿನ ಶಾಲೆಯ ಟೀಚರ್ ಬಾಯಿ ಒಬ್ಬರು ತಮ್ಮ ತಾಯಿಯ, ಬಿದ್ದು ನಿಂತುಹೋದ ಗಡಿಯಾರ ತಂದಿದ್ದರು. ನನ್ನ ಚಿಮಟಿಗೆಯಿಂದ ಅದರ ಒಂದು ಸ್ಕ್ರೂ ಸಿಡಿದು ಹೋಯಿತು. ನಾನು ನೆಲದ ಮೇಲೆ ಮಂಡಿಯೂರಿ ಅಯಸ್ಕಾಂತ ಆಡಿಸುತ್ತಾ ಹುಡುಕುತ್ತಿದ್ದೆ. ಅಣ್ಣ ಆ ಬಾಯಿಗೆ ಮರಾಠಿಯಲ್ಲಿ, "ಮಾಝೀ ಬಹೀಣ್ ಆಹೇ. ಚೌಥೀ ಪಾಸ್. ಹಾತ್ ದಗಡಾಚೇ ಆಹೇತ್ ತಿಚೇ," ಅಂದ. ನನ್ನ ತಂಗಿ, ನಾಲ್ಕನೇ ಇಯತ್ತೆ, ಕೈ ಕಲ್ಲಿನವು... ಬಾಯಿ ನಕ್ಕರು. ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: "ಈ ಕೈಲೆ ರೊಟ್ಟಿ ಬಡಿ, ಸಾಕು. ಅದಕ್ಕಿಂತ ಹೆಚ್ಚಿಂದು ನಿನ್ನ ಕೈಲೆ ಆಗೂದಿಲ್ಲ."

ನನ್ನನ್ನು ನಾಲ್ಕಕ್ಕೆ ಬಿಡಿಸಿ ಹೊಲಕ್ಕೆ ಹಚ್ಚಿದ್ದು ಅವನ ಶಾಲೆ ನಡೆಯಲಿ ಅಂತ. ಅದನ್ನು ಆ ಬಾಯಿಗೆ ಯಾವ ಭಾಷೆಯಲ್ಲಿ ಹೇಳಲಿ?

ಅವತ್ತೇ ಮಧ್ಯಾಹ್ನ ಅಣ್ಣ ಊಟಕ್ಕೆ ಮನೆಗೆ ಹೋದ. ಗಿರಣಿ ಮತ್ತೆ ಶುರುವಾಗಿತ್ತು, ಮೇಜು ನಡುಗುತ್ತಿತ್ತು. ನನ್ನ ಮೂಗುಬೊಟ್ಟಿನ ಹಿಂದೆ ಕೂರುವ ಸಣ್ಣ ಬಿರಡೆ ಸವೆದು ಹೋಗಿತ್ತು. ಅದನ್ನು ನಾನೇ ಮಾಡುತ್ತೇನೆ ಅಂದುಕೊಂಡೆ. ಒಂದು ಹಿತ್ತಾಳೆ ಕಡ್ಡಿ ತಗೊಂಡೆ. ಕೈಗೆ ಸಿಕ್ಕ ಚಕ್ ಆರನೇ ನಂಬರಿನದು. ಕಡ್ಡಿ ಅದರೊಳಗೆ ಹೋಗಲಿಲ್ಲ, ಕೂದಲೆಳೆಯಷ್ಟು ದಪ್ಪ. ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟಿದೆ. ಹೋಯಿತು. ಹಿಂದಿನಿಂದ ಬಿಗಿ ಮಾಡಿದೆ. ಗಾಲಿ ತಿರುಗಿಸಿ ಉಳಿ ತಾಗಿಸಿದಾಗ ಹಿತ್ತಾಳೆ ಬಂಗಾರದ ಪುಡಿಯ ಹಾಗೆ ಉದುರಿತು. ನನ್ನ ಕಲ್ಲಿನ ಕೈಯಿಂದ. ಸುಮಾರು ಹತ್ತು ನಿಮಿಷ ನಾನು ಎಷ್ಟು ಸುಖವಾಗಿದ್ದೆನೆಂದರೆ... ಆಮೇಲೆ ಉಳಿ ಕಚ್ಚಿ ಕಡ್ಡಿ ಸೊಟ್ಟಾಯಿತು. ಅದನ್ನು ಇಕ್ಕಳದಿಂದ ಎಳೆದು ತೆಗೆದು ಗಟಾರಕ್ಕೆ ಒಗೆದೆ. ಚಕ್ ಒರೆಸಿ ಅದರ ತೂತಿನಲ್ಲಿ ಇಟ್ಟೆ.

ಮುಂದಿನ ವಾರ ಅಣ್ಣ ಅದೇ ಆರನೇ ಚಕ್ಕಿನಲ್ಲಿ ಕಡ್ಡಿ ಹಿಡಿದು ಆ ಬಾಯಿಯ ಗಡಿಯಾರಕ್ಕೆ ಅಚ್ಚು ಕೊರೆದ. ಚಕ್ರ ಕೂರಿಸಿ ಆಡಿಸಿದರೆ ಅದು ಕುಂಟುತ್ತಿತ್ತು. ಎರಡನೆಯದು ಕೊರೆದ, ಕುಂಟಿತು. ಮೂರನೆಯದೂ ಹಾಗೇ. ಉಳಿ ಹೊಸದಾಗಿ ಮಸೆದ, ದಾರ ಬದಲಿಸಿದ, ಲೇತ್ ಬಿಚ್ಚಿ ಎಣ್ಣೆ ಹಾಕಿದ. ಚಕ್ಕನ್ನೂ ಬೆಳಕಿಗೆ ಹಿಡಿದು ನೋಡಿದ. ಅದು ಕಣ್ಣಿಗೆ ಕಾಣುವ ಕೇಡಲ್ಲ.

"ನೀ ಏನರ ಇದನ್ನ ಮುಟ್ಟಿಯೇನು?" ಅಂದ.

"ಇಲ್ಲ."

ಅವನು ನನ್ನ ಮುಖ ಕೂಡ ನೋಡಲಿಲ್ಲ. "ಹೌದು, ನಿನಗೆಲ್ಲಿ ಬರಬೇಕು ಅಷ್ಟು ಧೈರ್ಯ," ಅಂದ. ನನ್ನ ಬಗ್ಗೆ ಅವನಿಗಿದ್ದ ತಾತ್ಸಾರವೇ ಅವತ್ತು ನನ್ನನ್ನು ಉಳಿಸಿತು.

ಅವನು ಊಟಕ್ಕೆ ಹೋದಾಗ ನಾನು ಆರನೇ ಚಕ್ಕಿಗೆ ಒಂದು ನೆಟ್ಟಗಿನ ಸೂಜಿ ಸಿಕ್ಕಿಸಿ ಗಾಲಿ ತಿರುಗಿಸಿದೆ. ಸೂಜಿಯ ಮೊನೆ ಒಂದೇ ಕಡೆ ನಿಲ್ಲದೆ ಗಾಳಿಯಲ್ಲಿ ಸಣ್ಣ ಸುತ್ತು ಹಾಕಿತು. ನಾನು ಸುತ್ತಿಗೆಯಿಂದ ತಟ್ಟಿದ್ದಕ್ಕೆ ಚಕ್ಕಿನ ಸೀಳು ತುಸು ಅಗಲವಾಗಿತ್ತು. ಇನ್ನು ಅದು ಯಾವ ಕಡ್ಡಿಯನ್ನೂ ನಡುವಿನಲ್ಲಿ ಹಿಡಿಯುವುದಿಲ್ಲ. ಅಣ್ಣನೂ ಒಂದು ಸೂಜಿ ಸಿಕ್ಕಿಸಿ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ತನ್ನ ಗುರುವಿನ ಲೇತನ್ನು ಅವನು ಎಂದೂ ಪರೀಕ್ಷೆ ಮಾಡಿದವನಲ್ಲ. ಅದೇ ತಿಂಗಳು ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು, ಕಣ್ಣಿನ ಡಾಕ್ಟರು ಪೊರೆ ಶುರುವಾಗಿದೆ ಅಂದಿದ್ದರು. ಬೇರೆ ನಂಬರಿನ ಚಕ್ಕಿನಲ್ಲಿ ದಪ್ಪ ಕೆಲಸ ಸರಿಯಾಗಿಯೇ ಬರುತ್ತಿತ್ತು. ಹಾಗಾಗಿ ಅವನು ಲೆಕ್ಕ ಹಾಕಿಬಿಟ್ಟ: ದಪ್ಪದ್ದು ಬರುತ್ತದೆ, ಸಣ್ಣದ್ದು ಬರುವುದಿಲ್ಲ ಅಂದರೆ ಕೈ ಹೋಯಿತು.

ಸಂಜೆ ಹೇಳಬಹುದಿತ್ತು, ಮರುದಿನ ಹೇಳಬಹುದಿತ್ತು. ಬೈಯುತ್ತಿದ್ದ, ಒಂದು ಏಟು ಹಾಕುತ್ತಿದ್ದನೇನೋ, ಹೊಸ ಚಕ್ ಎಲ್ಲಿಂದಾದರೂ ತರಿಸುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಮ್ಮನಿದ್ದೆ. ಅಂಜಿಕೆಯಿಂದ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಂಜಿಕೆ ಆಮೇಲೆ ಬಂದದ್ದು. ಮೊದಲು ಬಂದದ್ದು ಸಂತೋಷ.

ಹೆಂಗಸರ ಗಡಿಯಾರಗಳನ್ನು ಅಣ್ಣ ಪೇಟೆಯ ಇನ್ನೊಬ್ಬನಿಗೆ ಕಳಿಸತೊಡಗಿದ. ಅದೇ ಮುದುಕನ ಹತ್ತಿರ, ಅಣ್ಣನ ನಂತರ ಕಲಿತವನು. ಅವನು ಒಮ್ಮೆ ಅಂಗಡಿಗೆ ಬಂದು, ಕುರ್ಚಿ ಎಳೆದು ಕೂತು, "ಕಾಯ್ ಶೇಟ್, ಹಾತ್ ಥರಥರತೋ ಕಾ ಆತಾ?" ಅಂತ ಕೇಳಿದ. ಏನು ಶೇಟ್, ಈಗ ಕೈ ನಡುಗುತ್ತದೇನು ಅಂತ. ಅಣ್ಣ ಎರಡೂ ಕೈಗಳನ್ನು ಮೇಜಿನ ಕೆಳಗೆ ತಗೊಂಡ. ನಾನು ಬಟ್ಟಲ ಮೇಲೆ ಬಗ್ಗಿ ಚಕ್ರ ತೊಳೆಯುತ್ತಾ ನಕ್ಕೆ. ಅವರಿಗೆ ಕಾಣದ ಹಾಗೆ ನಕ್ಕೆ. ಇದನ್ನು ಬರೆಯದೆ ಉಳಿದದ್ದನ್ನು ಬರೆದರೆ ಏನು ಬಂತು?

ನಗು ಹೆಚ್ಚು ದಿನ ಉಳಿಯಲಿಲ್ಲ. ಅಣ್ಣ ಬೈಯುವುದನ್ನು ಬಿಟ್ಟ. ಸ್ಕ್ರೂ ಬೀಳಿಸಿದರೂ ಬೈಯಲಿಲ್ಲ. ಚಹದ ಕಪ್ಪು ಎತ್ತಿ, ಅದರೊಳಗಿನ ಚಹ ಅಲುಗುತ್ತದೆಯೇ ಅಂತ ನೋಡುತ್ತಾ ಕೂರುತ್ತಿದ್ದ. ಅಲುಗುತ್ತಿರಲಿಲ್ಲ. ಆದರೂ ನೋಡುತ್ತಿದ್ದ... ಎರಡು ವರ್ಷವಾದ ಮೇಲೆ ಲೇತನ್ನು ಪುಣೆ ಹತ್ತಿರದ ಶಿರೂರಿನ ಒಬ್ಬರಿಗೆ ಕೊಟ್ಟುಬಿಟ್ಟ. ಅವರಿಗೆ ಹಳೆಯ ಸಾಮಾನುಗಳನ್ನು ಗಾಜಿನ ಕಪಾಟಿನಲ್ಲಿಡುವ ಹವ್ಯಾಸ. ಒಯ್ಯುವ ದಿನ ಅಣ್ಣ ಅಂಗಡಿಗೆ ಬರಲಿಲ್ಲ, ನಾನೇ ಎತ್ತಿಕೊಟ್ಟೆ. ಆಮೇಲೆ ಆ ಅಂಗಡಿಯಲ್ಲಿ ಸೆಲ್ ಹಾಕುವುದು, ಬೆಲ್ಟ್ ಹಾಕುವುದು ಬಿಟ್ಟರೆ ಬೇರೆ ಕೆಲಸ ನಡೆಯಲಿಲ್ಲ. ಮಗಳ ಮದುವೆಯಾದ ಮೇಲೆ ನಾನು ನಿಗಡಿಗೆ ಹೋದೆ.

ಹೋದ ವರ್ಷ ಅಣ್ಣ ದವಾಖಾನೆಯಲ್ಲಿದ್ದ. ಮೂತ್ರಪಿಂಡ ಎರಡೂ ಕೆಟ್ಟಿದ್ದವು. ವೈನಿ, ಅಂದರೆ ಅಣ್ಣನ ಹೆಂಡತಿ, ಔಷಧ ತರಲು ಕೆಳಗೆ ಹೋದಾಗ ಅವನು ನನ್ನನ್ನು ಹತ್ತಿರ ಕರೆದ.

"ಒಂದು ಕೇಳ್ತೀನಿ, ಖರೇ ಹೇಳು. ಆವಾಗ ನೀ ಒಬ್ಬಾಕಿನ ನನ್ನ ಬಾಜೂಕ ಇದ್ದಿ. ನನ್ನ ಕೈ ನಡಗತಿದ್ದವೇನು?"

ಅವನು ಬದುಕಿನಲ್ಲಿ ಮೊದಲ ಸಲ ನನ್ನನ್ನು ಏನೋ ಒಂದು ಕೇಳಿದ್ದ. ಬೈಗುಳವಿಲ್ಲದೆ, ನನಗೆ ಗೊತ್ತಿರಬಹುದು ಎಂದು ನಂಬಿ ಕೇಳಿದ್ದ. ನಾನು ಅವನ ಹೊದಿಕೆ ಸರಿಮಾಡಿದೆ.

"ನಡಗತಿದ್ದವು, ಅಣ್ಣಾ. ಸ್ವಲ್ಪ."

"ಹಂಗಾದ್ರ ಸರಿ ಬಿಡು," ಅಂದ. ಗೋಡೆಯ ಕಡೆ ಹೊರಳಿದ. ಅದೇ ವಾರ ತೀರಿಕೊಂಡ.

ನಿಗಡಿಯ ಆ ಕಟ್ಟೆಯಿಂದ ಎದ್ದವಳು ಮನೆಗೆ ಹೋಗಿ ಮಲಗಿದೆ. ಬೆಳಿಗ್ಗೆ ಬಸ್ ಹಿಡಿದು ಬಿಬವೇವಾಡಿಗೆ ಹೋದೆ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಮನೆಯಲ್ಲಿ ವೈನಿ ಒಬ್ಬರೇ ನೆಲದ ಮೇಲೆ ಕೂತು ಪಲ್ಯಕ್ಕೆ ಜವಳಿಕಾಯಿ ಸೋಸುತ್ತಿದ್ದರು.

"ಬಾರವಾ. ಫೋನ ಇಲ್ಲ ಏನಿಲ್ಲ, ಒಮ್ಮಿಗಲೇ?"

ನಾನೂ ಎದುರಿಗೆ ಕೂತೆ. ಒಂದು ಹಿಡಿ ಕಾಯಿ ತಗೊಂಡು ನಾರು ಬಿಡಿಸತೊಡಗಿದೆ. "ವೈನಿ, ಅಣ್ಣನ ಲೇತಿನ ಒಂದು ಚಕ್ ಕೆಟ್ಟಿತ್ತರಿ ಆವಾಗ," ಅಂದೆ. "ಅದಕ್ಕ ಅವನ ಕೆಲಸ ತಪ್ಪತಿತ್ತು."

ವೈನಿಯ ಕೈ ನಿಂತಿತು. "ನಿನಗ ಹೆಂಗ ಗೊತ್ತು?"

"ನೋಡಿದ್ದೆರಿ."

"ಯಾವಾಗ ನೋಡಿದಿ?"

"ಆವಾಗನ."

"ಅವರಿಗೆ ಯಾಕ ಹೇಳಲಿಲ್ಲ?"

ನಾನು ಇನ್ನೊಂದು ಕಾಯಿಯ ನಾರು ಎಳೆದೆ. ವೈನಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವರ ದನಿ ಏರಲಿಲ್ಲ.

"ದಿನಾ ಮುಂಜಾನೆ ನಾ ಅವರ ಕೈಗೆ ಎಳ್ಳೆಣ್ಣಿ ತಿಕ್ಕತಿದ್ದೆ. ಒಂದೊಂದ ಬಟ್ಟು ಹಿಡದು. ಶಕ್ತಿ ಬರಲಿ ಅಂತ. ಸಾಯೂತನಕ ತಿಕ್ಕೇನಿ. ನೀ ಅದ ಮನ್ಯಾಗ, ಅದ ಒಲಿ ಮುಂದ ಕೂತು ಚಹಾ ಕುಡಕೋತ ನೋಡತಿದ್ದಿ." ಸೆರಗಿಗೆ ಕೈ ಒರೆಸಿಕೊಂಡು ಅಂದರು: "ಈಗ ಸುತ್ತಿ ಬಳಸಿ ಹೇಳಬ್ಯಾಡ. ನನ್ನ ಮಾರಿ ನೋಡಿ ಹೇಳು, ಏನು ಮಾಡಿದಿ."

ಕಾಯಿ ಕೆಳಗಿಟ್ಟೆ. ಅವರ ಮುಖ ನೋಡಿದೆ. ಅಣ್ಣನಿಗೆ ಹೇಳಬೇಕಾದದ್ದನ್ನು, ಅವನಿಲ್ಲದ ಮನೆಯಲ್ಲಿ, ಬಾಯಿಬಿಟ್ಟು ಹೇಳಿದೆ.

"ಅಣ್ಣನ ಕೈಗೆ ಏನೂ ಆಗಿರಲಿಲ್ಲರಿ. ನಾ ಕದ್ದು ಲೇತ್ ಮುಟ್ಟಿ ಚಕ್ ಕೆಡಿಸಿದೆ. ಗೊತ್ತಿದ್ದೂ ಹೇಳಲಿಲ್ಲ, ಸೇಡಿಗೆ. ಕಡೀಕ ಅವನೇ ಬಾಯಿಬಿಟ್ಟು ಕೇಳಿದಾಗೂ ಸುಳ್ಳ ಹೇಳಿದೆ. ತಪ್ಪಾತರಿ ವೈನಿ... ನನ್ನಿಂದ ಭಾಳ ದೊಡ್ಡ ತಪ್ಪಾತು."