ಬರ್ತೇನಿ ಎಂಬ ಬೆದರಿಕೆ

ಇವತ್ತು ಬೆಳಿಗ್ಗೆ ನಮ್ಮ ಎಮರ್ಜೆನ್ಸಿ ಬಾಗಿಲಲ್ಲಿ ಕಾವಲುಗಾರ ತನ್ನ ಲಾಠಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಸ್ಪಿರಿಟ್ಟಿನ ನಡುವೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಲಾಠಿಯನ್ನು ಈ ಬಾಗಿಲಿಗೆ ತಂದ ಸಂಶೋಧನೆ ನನಗೆ ನೆನಪಾಯಿತು. ಆಸ್ಪತ್ರೆ ದಾಂಡೇಲಿಯ ಸುತ್ತಮುತ್ತ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ. ನನ್ನ ನರ್ಸಿನ ನೌಕರಿ ಇನ್ನೂ ಬಾಕಿ ಇದೆ ನೋಡಿ.

ರೋಗಿಗಳ ಆರೈಕೆಯನ್ನೂ ಸಿಬ್ಬಂದಿಯ ಸುರಕ್ಷತೆಯನ್ನೂ ಅಧ್ಯಯನ ಮಾಡಲು ಉತ್ತರ ಭಾರತದಿಂದ ಒಬ್ಬ ತಜ್ಞರು ಬಂದಿದ್ದರು. ವಿಷಯ ಒಳ್ಳೆಯದೇ. ಗಣೇಶಗುಡಿಯಲ್ಲಿ ದೋಣಿ ಮಗುಚಿ ಗಾಯಗೊಂಡವನ ಗೆಳೆಯರು ಸಲೈನ್ ಸ್ಟ್ಯಾಂಡ್ ಎತ್ತಿಕೊಂಡು ನನ್ನ ಮೇಲೆ ಬಂದದ್ದುಂಟು. ಆದರೆ ತಜ್ಞರಿಗೆ ಕನ್ನಡ ಬಾರದು. ಮೊಬೈಲು ಅನುವಾದಿಸಿದ್ದೇ ಅವರಿಗೆ ವೇದವಾಕ್ಯ.

ಆ ದಿನಗಳಲ್ಲೇ ಬಸಪ್ಪಜ್ಜ ಬಂದ. ಹಳಿಯಾಳ ಸೀಮೆಯ ಗೋವಿನಜೋಳದ ರೈತ. ಕೆಂಪು ರುಮಾಲು, ಹಣೆತುಂಬ ವಿಭೂತಿ, ನಾಲ್ಕು ಹೊಲದಾಚೆ ಕೇಳುವ ದನಿ. ಹೆಂಡತಿ ಗಂಗವ್ವನಿಗೆ ದಮ್ಮು. ಅವಳ ಉಸಿರು ಹದಕ್ಕೆ ಬಂದ ಮೇಲೆ ಹೊರಟು ನಿಂತು ನನಗೆ ಅಂದ:

"ಬರ್ತೇನ್ರಿ ಅಕ್ಕಾರ. ನೆನಪಿರ್ಲಿ."

ನಾನು ಬರುತ್ತೇನೆ, ನೆನಪಿಟ್ಟುಕೋ ಎಂದು ಪಕ್ಕದಲ್ಲಿದ್ದ ತಜ್ಞರ ಮೊಬೈಲು ಇಂಗ್ಲಿಷಿನಲ್ಲಿ ಗದರಿತು. ತಜ್ಞರ ಮುಖ ಬಿಳಿಚಿತು.

ಹೊರಡುವವರು ಹೋಗ್ತೇನಿ ಅನ್ನಬಾರದು, ಬರ್ತೇನಿ ಅನ್ನಬೇಕು, ಅದು ಶುಭದ ಮಾತು ಎಂದು ತಿಳಿಹೇಳಿದೆ. ಬೆದರಿಕೆಗೆ ಒಗ್ಗಿಹೋದ ಸಿಬ್ಬಂದಿ ಹೀಗೆಯೇ ಮಾತಾಡುತ್ತಾರೆ, ಇದೂ ಒಂದು ಲಕ್ಷಣ ಎಂದು ಅವರು ನನ್ನನ್ನೂ ಸಂಶೋಧನೆಗೆ ಸೇರಿಸಿಕೊಂಡರು. ಬಾಗಿಲಿಗೆ ಕಾವಲುಗಾರ ಬಂದ. ಕೆಂಪು ರುಮಾಲಿನ ಮುದುಕನನ್ನು ತಡೆಯಬೇಕೆಂದು ಅವನಿಗೆ ಅಪ್ಪಣೆಯಾಯಿತು.

ಚಳಿ ಬಿದ್ದಾಗ ಗಂಗವ್ವನ ದಮ್ಮು ಕೆರಳಿತು. ಅಜ್ಜ ಅವಳನ್ನು ಎತ್ತಿಕೊಂಡು ಬಂದರೆ ಲಾಠಿ ಅಡ್ಡ ಬಂತು. ಅವಳ ತುಟಿ ನೀಲಿಗಟ್ಟುತ್ತಿತ್ತು. ಅಜ್ಜ ಕಾವಲುಗಾರನನ್ನು ಭುಜದಿಂದ ದೂಡಿ ಕೆಡವಿ ಒಳಗೆ ನುಗ್ಗಿದ. ಗದ್ದಲ ಕೇಳಿ ಓಡಿಬಂದ ನಾನು ಆಕ್ಸಿಜನ್ ಹಚ್ಚಿದೆ. ಗಂಗವ್ವ ಬದುಕಿದಳು. ಸಂಶೋಧನೆಯೂ ಬದುಕಿತು: ಅಪಾಯವನ್ನು ಮೊದಲೇ ಊಹಿಸಿದ್ದಕ್ಕೆ ತಜ್ಞರಿಗೆ ಶಾಲು ಹೊದಿಸಿದರು.

ಹೊರಡುವಾಗ ಅಜ್ಜ ಬಾಗಿಲಲ್ಲಿ ನಿಂತು ಆ ಲಾಠಿಯನ್ನೊಮ್ಮೆ ನೋಡಿದ. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ.

"ಹೋಗ್ತೇನ್ರಿ ಅಕ್ಕಾರ," ಎಂದ.

ಮುಂದಿನ ಸಲ ದಮ್ಮು ಎದ್ದಾಗ ಅವನು ಅವಳನ್ನು ನಮ್ಮಲ್ಲಿಗೆ ಕರೆತರಲಿಲ್ಲ. ಗಂಗವ್ವ ಮನೆಯಲ್ಲೇ ತೀರಿಕೊಂಡಳಂತೆ. ನಮ್ಮ ಸುರಕ್ಷತೆಗೆ ಅಲ್ಲಿಂದೀಚೆ ಯಾವ ಧಕ್ಕೆಯೂ ಆಗಿಲ್ಲ.

ಇವತ್ತು ಎಣ್ಣೆ ಹಚ್ಚಿದ ಲಾಠಿಯ ಪಕ್ಕದಿಂದ ಮುದುಕಿಯೊಬ್ಬಳು ಮೈ ಹಿಡಿ ಮಾಡಿಕೊಂಡು, ಹೋಗ್ತೇನ್ರಿ ಎಂದು ಗೊಣಗುತ್ತ ಹೊರಗೆ ದಾಟುತ್ತಿದ್ದಳು. ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬಾಗಿಲಿಗೆ ಹೋದೆ. ಕಾವಲುಗಾರನಿಗೂ ಕೇಳಲೆಂದು ದನಿ ಎತ್ತರಿಸಿದೆ.

"ಹಂಗ ಅನಬಾರ್ದು ಯವ್ವಾ. ಬರ್ತೇನಿ ಅನ್ರಿ."

ಅವಳು ಮೊದಲು ಲಾಠಿಯನ್ನು ನೋಡಿದಳು, ಆಮೇಲೆ ನನ್ನನ್ನು. ಬರ್ತೇನಿ ಅನ್ನದೆಯೇ ಹೊರಗೆ ಹೆಜ್ಜೆ ಹಾಕಿದಳು.