ಓತಿಕ್ಯಾತನಿಗೆ ಅವ್ವ ತಂದ ರೇಷ್ಮೆಹುಳ

ನನ್ನ ತಮ್ಮ ಬೆಂಗಳೂರಿನಿಂದ ಆ ಮರಿಯನ್ನು ಚಪ್ಪಲಿ ಡಬ್ಬಿಯಲ್ಲಿ ತಂದ. ಅವನ ಗೆಳೆಯ ಆಸೆಗೆ ಕೊಂಡು, ಸಾಕಲಾಗದೆ ಕೈಬಿಟ್ಟಿದ್ದನಂತೆ. ಬಿಯರ್ಡೆಡ್ ಡ್ರ್ಯಾಗನ್. ನಮ್ಮ ಬೇಲಿಯ ಓತಿಕ್ಯಾತನ ದೂರದ ನೆಂಟ, ಗಂಟಲ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಅಂಗೈಯಷ್ಟಿತ್ತು. ನೆಲಕ್ಕೆ ಬಿಟ್ಟರೆ ಮುಂಗಾಲು ನಡುಗಿ, ಹೊಟ್ಟೆ ಎಳೆದುಕೊಂಡು ಹೋಗುತ್ತಿತ್ತು.

"ನೀನು ನೋಡ್ಕೊಳ್ದಿದ್ರೆ ಸತ್ತೋಯ್ತದೆ ಕಣಕ್ಕ," ಅಂದ.

ಮರುದಿನವೇ ಬಸ್ಸು ಹತ್ತಿ, ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರ ಬಳಿಗೆ ಹೋದೆ. "ಮೂಳೆ ಮೆತ್ತಗಾಗಿದೆ. ಆದರೆ ಕಾಲ ಮೀರಿಲ್ಲ," ಎಂದರು. ಬಿಸಿಲಿನ ಬದಲಿಗೆ ಮೂಳೆ ಗಟ್ಟಿಮಾಡುವ ಯುವಿಬಿ ಟ್ಯೂಬ್‌ಲೈಟ್ ಹಾಕಬೇಕು, ಗೂಡಿನ ಗಾಜಿನ ಹೊರಗಿದ್ದರೆ ಪ್ರಯೋಜನವಿಲ್ಲ, ಒಳಗೇ ಇರಬೇಕು. ಗೂಡಿನ ಒಂದು ತುದಿ ಚೆನ್ನಾಗಿ ಕಾದಿರಬೇಕು, ಇನ್ನೊಂದು ತಂಪಾಗಿರಬೇಕು. ಮರಳು ಹಾಸಬಾರದು, ನುಂಗಿಬಿಡುತ್ತದೆ. ತಿನ್ನುವ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಬೇಕು.

ಚನ್ನಪಟ್ಟಣದಲ್ಲಿ ನಮ್ಮ ಎದುರುಮನೆಯ ಚಾಚಾ ಗೊಂಬೆ ಮಾಡುವವರು. ಅವರ ಅಂಗಡಿಯ ಹಳೇ ಗಾಜಿನ ಶೋಕೇಸ್ ಕೇಳಿದೆ.

"ಹಲ್ಲಿಗೆ ಬಂಗ್ಲೆ ಕಟ್ತೀಯೇನಮ್ಮ?" ಎಂದು ನಕ್ಕರು. ಆಮೇಲೆ ತಾವೇ ಹೊತ್ತು ತಂದು, ಅಡ್ಡ ಮಲಗಿಸಿ, ಮೇಲಕ್ಕೆ ಜಾಲರಿ ಬಡಿದರು. ಹತ್ತಿ ಕೂರಲೆಂದು ಗೊಂಬೆಗೆ ಬಳಸುವ ಆಲೆಮರದ ಕೊಂಬೆಯೊಂದನ್ನು ಸಿಬಿರು ಏಳದಂತೆ ಉಜ್ಜಿ ನಿಲ್ಲಿಸಿದರು. "ಬಣ್ಣ ಬೇಡ, ನೆಕ್ಕಿಬುಟ್ರೆ ಕಷ್ಟ," ಎಂದರು. ನೆಲಕ್ಕೆ ಟೈಲ್ಸ್ ಹಾಸಿ, ಟ್ಯೂಬ್‌ಲೈಟನ್ನು ಒಳಗೇ ಕಟ್ಟಿದೆ. ಥರ್ಮಾಮೀಟರ್ ನೋಡುತ್ತ ಬಲ್ಬನ್ನು ಏರಿಸಿ ಇಳಿಸಿ ಬಿಸಿ ಸರಿಮಾಡಿದೆ.

ಮನೆ ಸಿದ್ಧವಾಯಿತು, ಮರಿ ಮಾತ್ರ ತಿನ್ನಲಿಲ್ಲ. ಏನಿಟ್ಟರೂ ಕಣ್ಣು ಮುಚ್ಚುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದರೆ, "ರೇಷ್ಮೆಹುಳ ಸಿಕ್ಕರೆ ಕೊಟ್ಟು ನೋಡಿ," ಅಂದರು. ನಕ್ಕುಬಿಟ್ಟೆ. ಕೋಡಿಹಳ್ಳಿ ಕಡೆಯ ನನ್ನ ತವರಿನಲ್ಲಿ ಅವ್ವ ಸಾಕುವುದೇ ಅದನ್ನು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹುಳುಮನೆಗೆ ಹಲ್ಲಿ ನುಗ್ಗಿತೆಂದರೆ ಉಣ್ಣುವ ತಟ್ಟೆ ಬಿಟ್ಟು ಪೊರಕೆ ಹಿಡಿಯುವವಳು ಅವ್ವ. ಆದರೂ ಕೇಳಿದೆ.

"ಮಕ್ಳಂಗೆ ಸಾಕಿರೋ ಹುಳಾನ ಹಲ್ಲಿ ಬಾಯ್ಗೆ ಆಕ್ಲಾ? ತಲೆ ನೆಟ್ಟಗೈತಾ ನಿಂಗೆ?" ಎಂದು ಫೋನಿಟ್ಟಳು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅವ್ವ! ಕಂಕುಳಲ್ಲಿ ಬುಟ್ಟಿ. ಅದರಲ್ಲಿ ಹಿಪ್ಪುನೇರಳೆ ಎಲೆ, ಎಲೆಯ ಮೇಲೆ ಸಣ್ಣ ಸಣ್ಣ ಹುಳ.

"ಔಷ್ದಿ ಒಡೀದಿರೋ ಸೊಪ್ಪು," ಎಂದಷ್ಟೇ ಹೇಳಿ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮರಿ ಏಳಲು ಹೋಗಿ ಮುಗ್ಗರಿಸಿತು. "ಅಯ್ಯೋ, ಕಾಲೇ ನಿಲ್ತಿಲ್ವಲ್ಲೇ ಕೂಸಿಗೆ!" ಎಂದವಳೇ ಒಂದು ಹುಳವನ್ನು ನಾನು ತೋರಿಸಿದ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಅದರ ಮುಂದೆ ಬಿಟ್ಟಳು.

ಹುಳ ತೆವಳಿತು. ಮರಿ ಒಂದು ಕಣ್ಣು ಬಿಟ್ಟಿತು, ತಲೆ ವಾಲಿಸಿತು. ನಾಲಿಗೆ ಚಾಚಿದ್ದಷ್ಟೇ ಕಂಡಿತು, ಹುಳ ಇರಲಿಲ್ಲ.

"ತಿಂದ್ಬುಡ್ತು ಕಣೇ! ತಿಂದ್ಬುಡ್ತು!" ಅವ್ವನ ಕೂಗಿಗೆ ಚಾಚಾ ಕೆಲಸ ಬಿಟ್ಟು ಓಡಿಬಂದರು. ನಾನು ಸಾಕೆಂದರೂ ಅವಳು ಕೇಳಲಿಲ್ಲ. "ಒಸಿ ಸುಮ್ಕಿರು, ಇನ್ನೊಂದು ತಿನ್ಲಿ."

ಅಲ್ಲಿಂದಾಚೆ ಊರಿಂದ ಬರುವವರ ಕೈಯಲ್ಲಿ ಹುಳ ಬರತೊಡಗಿತು. ಮರಿ ಪೊರೆ ಕಳಚಿತು, ಬಾಲ ಉದ್ದವಾಯಿತು. ಒಂದು ಮಧ್ಯಾಹ್ನ ಒಮ್ಮೆಯೂ ಜಾರದೆ ಕೊಂಬೆಯ ತುದಿಗೇರಿ, ಗಡ್ಡ ಉಬ್ಬಿಸಿ, ಪಾಳೇಗಾರನಂತೆ ಕೂತಿತು.

ಡಾಕ್ಟರು ದವಡೆ ಒತ್ತಿ ನೋಡಿ, "ಗಟ್ಟಿಯಾಗಿದೆ, ಇನ್ನು ಹೆದರಿಕೆಯಿಲ್ಲ," ಎಂದ ದಿನ ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿದೆ. "ಅವ್ವಾ, ಮೂಳೆ ಗಟ್ಟಿಯಾಯ್ತು!" ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದೆ.