ಬೆರಳುಗಳ ಮಾತು ಉಳಿಸಿದ ವೇಣಿ

ಬೆಳಗಿನ ಐದೂಮುಕ್ಕಾಲು. ಸಿಂಗಸಂದ್ರದ ಒಳರಸ್ತೆಯ ಲೇತ್ ವರ್ಕ್‌ಶಾಪಿನ ಶಟರ್ ಇನ್ನೂ ಎದ್ದಿಲ್ಲ. ಅದರ ಮೇಲಿನ ಹತ್ತಡಿ ಕೋಣೆಯಲ್ಲಿ ನಲವತ್ತೇಳರ ವೇಣಿ ಗೀರು ಬಿದ್ದ ಸಿ.ಡಿ.ಯೊಂದನ್ನು ಹತ್ತಿಬಟ್ಟೆಯಿಂದ ಒರೆಸುತ್ತಿದ್ದಾರೆ, ನಡುವಿನಿಂದ ಅಂಚಿನ ಕಡೆಗೆ, ಒಂದೊಂದೇ ಗೆರೆ ಎಳೆದಂತೆ. ಡ್ರೈವ್‌ಗೆ ಹಾಕಿ ಕೈಕಟ್ಟಿ ಕೂರುತ್ತಾರೆ. ಮೂರನೇ ಸಲಕ್ಕೆ ಅದು ಓದಿಕೊಳ್ಳುತ್ತದೆ. ಒಂಬತ್ತಕ್ಕೆ ಕೆಳಗೆ ಲೇತ್ ತಿರುಗಲು ಶುರುವಾದರೆ ನೆಲವೆಲ್ಲ ಅದುರುತ್ತದೆ, ಇಂಥ ಸಿ.ಡಿ. ಮತ್ತೆ ಮುಷ್ಕರ ಹೂಡುತ್ತದೆ. ಹಾಗಾಗಿ ಬೇಗೂರಿನ ಮನೆಯಿಂದ ಅವರು ಐದಕ್ಕೇ ಹೊರಡುತ್ತಾರೆ.

ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಜಿಗಣಿಯ ಕಾರ್ಖಾನೆಗಳು ಹಿಂದೆಂದೋ ತೆಗೆಸಿದ ತರಬೇತಿ ಪಾಠ. ಇಪ್ಪತ್ತು ವರ್ಷ ಹಿಂದಿನ ಕ್ಯಾಮೆರಾಗಳ ಈ ವಿಡಿಯೊಗಳನ್ನು ಇಂದಿನ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದರೆ ಕಪ್ಪು ಪರದೆ ಬರುತ್ತದೆ, ಇಲ್ಲವೇ ಬರೀ ಸದ್ದು. ಅವನ್ನು ಹೊಸ ಸಾಫ್ಟ್‌ವೇರ್ ಒಪ್ಪುವ ರೂಪಕ್ಕೆ ತರುವುದು ವೇಣಿಯ ಕೆಲಸ. ದಿನಕ್ಕೆ ಮೂರರಿಂದ ನಾಲ್ಕು ಫೈಲ್. ಊರಿನ ಎಷ್ಟೋ ಸ್ಟುಡಿಯೊಗಳು ಕೈಚೆಲ್ಲಿದ ಫೈಲುಗಳು ಕೊನೆಗೆ ಬಂದು ನಿಲ್ಲುವುದು ಇಲ್ಲೇ.

“ಜನ ಫೈಲ್ ಕೆಟ್ಟೋಗಿದೆ ಅಂತ ಬಿಸಾಕ್ಬಿಡ್ತಾರೆ ಸಾರ್. ಅದು ಕೆಟ್ಟಿರಲ್ಲ. ಅದನ್ನ ಹೆಂಗೆ ಓದ್ಬೇಕು ಅನ್ನೋದು ಈಗಿನ ಸಾಫ್ಟ್‌ವೇರ್‌ಗೆ ಗೊತ್ತಿರಲ್ಲ, ಅಷ್ಟೇ” ಎನ್ನುತ್ತಾರೆ.

ವೇಣಿ ಓದಿದ್ದು ಪಿ.ಯು.ಸಿ.ವರೆಗೆ. ತೊಂಬತ್ತೆಂಟರಲ್ಲಿ ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ ಒಂದಕ್ಕೆ ಕ್ಯಾಸೆಟ್ಟಿನ ಮೇಲೆ ವಧೂವರರ ಹೆಸರು ಬರೆಯಲು ಸೇರಿದರು. ಎಡಿಟ್ ಮಾಡುವವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತರು. 2011ರಲ್ಲಿ ಸ್ಟುಡಿಯೊ ಮುಚ್ಚಿತು. ಗುಜರಿಗೆ ಹೊರಟಿದ್ದ ಎರಡು ಹಳೇ ಕಂಪ್ಯೂಟರ್‌ಗಳನ್ನು ಕೇಳಿ ಪಡೆದು, ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಆ ಯಂತ್ರಗಳಲ್ಲಿದ್ದ ಹಳೆಯ ಸಾಫ್ಟ್‌ವೇರ್‌ ಈಗ ಎಲ್ಲೂ ಸಿಗುವುದಿಲ್ಲ.

ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. ದಾವಣಗೆರೆ ಕಡೆಯ ರುದ್ರಮ್ಮ ಎಂಬ ಹಿರಿಯರು ತೀರಿಹೋದ ಯಜಮಾನರ ಷಷ್ಟಿಪೂರ್ತಿಯ ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದರು. ವೇಣಿ ಅದನ್ನು ಹೊಸ ರೂಪಕ್ಕೆ ತಂದು, ಜಾಗ ಸಾಲದೆಂದು ಮೂಲ ಫೈಲ್ ಅಳಿಸಿಬಿಟ್ಟರು. ಆಮೇಲೆ ನೋಡಿದರೆ ಮಾತು ಮುಂದೆ, ತುಟಿ ಎರಡು ಸೆಕೆಂಡ್ ಹಿಂದೆ; ಅಲ್ಲಲ್ಲಿ ಚಿತ್ರವೇ ಹಾರಿಹೋಗಿತ್ತು. ಸುಳ್ಳು ಹೇಳಿ ಪಾರಾಗಬಹುದಿತ್ತು. ವೇಣಿ ಎಲೆಕ್ಟ್ರಾನಿಕ್ ಸಿಟಿಯ ಅವರ ಫ್ಲ್ಯಾಟಿಗೇ ಹೋಗಿ ತಪ್ಪು ತನ್ನದೇ ಎಂದರು. ರುದ್ರಮ್ಮ ವಿಡಿಯೊ ಹಾಕಿಸಿ ಪೂರ್ತಿ ನೋಡಿದರು. ಕೊನೆಗೆ, “ಅವರ ಧ್ವನಿ ಐತಲ್ಲವ್ವಾ, ಸಾಕು. ಇನ್ನೊಬ್ಬರದು ಹಿಂಗಾಗಬಾರದು ನೋಡು” ಎಂದರಂತೆ. ಅಂದಿನಿಂದ ಮೂಲ ಫೈಲನ್ನು ಮೂರು ಕಡೆ ನಕಲು ಮಾಡಿಡದೆ ವೇಣಿ ಕೆಲಸ ಮುಟ್ಟುವುದಿಲ್ಲ. ಮುಗಿದ ಮೇಲೆ ಮೊದಲಿಂದ ಕೊನೆಯವರೆಗೆ ಕೂತು ನೋಡದೆ ಯಾರಿಗೂ ಕೊಡುವುದಿಲ್ಲ.

ಕಳೆದ ವರ್ಷ ಅವರ ಬಳಿಗೆ ಬಂದದ್ದು ಬಸಲಿಂಗ ಮೇಷ್ಟ್ರ ಪಾಠಗಳು. ಅರವತ್ಮೂರರ ಬಸಲಿಂಗ ಅವರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ತಮ್ಮಂಥ ಮಕ್ಕಳಿಗಾಗಿ ಗಣಿತ, ವಿಜ್ಞಾನವನ್ನೆಲ್ಲ ಕೈಸನ್ನೆಯ ಭಾಷೆಯಲ್ಲಿ ಕಲಿಸಿ, 2006ರಿಂದ ಹ್ಯಾಂಡಿಕ್ಯಾಮ್‌ನಲ್ಲಿ ಚಿತ್ರೀಕರಿಸಿಟ್ಟಿದ್ದರು. ಒಟ್ಟು ಇನ್ನೂರ ಹನ್ನೆರಡು ಪಾಠ, ಒಂದೊಂದೂ ಒಂದೊಂದು ಸಿ.ಡಿ.ಯಲ್ಲಿ. ಈಗ ಅವರ ಬಲಗೈ ನಡುಗುತ್ತದೆ; ಎಲ್ಲವನ್ನೂ ಮತ್ತೆ ಚಿತ್ರೀಕರಿಸುವುದು ಆಗದ ಮಾತು. ಅವರ ಹಳೆಯ ವಿದ್ಯಾರ್ಥಿಯ ಅಕ್ಕ, ಎಡಿಟರ್ ಸೌಮ್ಯಾ, ಪಾಠಗಳನ್ನು ಮಕ್ಕಳ ಮೊಬೈಲಿಗೆ ತಲುಪಿಸಲು ಹೊರಟರೆ ಸಾಫ್ಟ್‌ವೇರ್ ಒಂದನ್ನೂ ತೆರೆಯಲಿಲ್ಲ. ಬೇರೊಂದು ಕಡೆ ಬದಲಿಸಿಕೊಂಡು ತಂದದ್ದನ್ನು ನೋಡಿ ಮೇಷ್ಟ್ರು ಬೇಡವೆಂದು ತಲೆಯಾಡಿಸಿಬಿಟ್ಟರು. ಚಿತ್ರವಿತ್ತು, ಆದರೆ ಬೆರಳುಗಳು ಕಲಸಿಹೋಗಿದ್ದವು.

ಕಾರಣ ಹಿಡಿಯಲು ವೇಣಿಗೆ ನಾಲ್ಕು ದಿನ ಬೇಕಾಯಿತು. ಆ ಕಾಲದ ಕ್ಯಾಮೆರಾ ಸೆಕೆಂಡಿಗೆ ಐವತ್ತು ಸಲ ಅರ್ಧರ್ಧ ಚಿತ್ರ ಹಿಡಿಯುತ್ತಿತ್ತು, ಒಂದು ಸಲ ಚಿತ್ರದ ಬೆಸ ಸಂಖ್ಯೆಯ ಅಡ್ಡಗೆರೆಗಳು, ಮುಂದಿನ ಸಲ ಸಮ ಸಂಖ್ಯೆಯವು. ಎರಡನ್ನೂ ಒಟ್ಟಿಗೆ ಬೆಸೆದು ಇಪ್ಪತ್ತೈದು ಚಿತ್ರ ಮಾಡಿದರೆ ಮದುವೆ ವಿಡಿಯೊದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಬೆರಳು ಮಡಿಸುವ ಆ ಒಂದು ಚೂರು ತಪ್ಪಿದರೆ ಪದವೇ ಬೇರೆ. ಪ್ರತಿ ಅರ್ಧವನ್ನೂ ಪೂರ್ಣ ಚಿತ್ರವಾಗಿ ಬೆಳೆಸಿ, ಐವತ್ತಕ್ಕೆ ಐವತ್ತನ್ನೂ ಉಳಿಸಬೇಕೆಂದು ವೇಣಿ ತೀರ್ಮಾನಿಸಿದರು.

ಇಪ್ಪತ್ತು ಸೆಕೆಂಡಿನ ತುಣುಕು ಮಾಡಿ ಮೇಷ್ಟ್ರನ್ನು ಕರೆಸಿದರು. ಅವರು ನೋಡಿ ಮತ್ತೆ ಬೇಡವೆಂದರು. ಬೆರಳು ಮುಂದೆ ಹೋಗಿ ಹಿಂದೆ ಬಂದು ಹೋಗುತ್ತಿದೆ ಎಂದು ಸನ್ನೆಯಲ್ಲಿ ಹೇಳಿದ್ದನ್ನು ಸೌಮ್ಯಾ ವಿವರಿಸಿದರು. ಅರ್ಧಗಳ ಹಿಂದುಮುಂದಿನ ಕ್ರಮ ಅದಲುಬದಲಾಗಿತ್ತು. ವೇಣಿ ಅಲ್ಲೇ ತಿದ್ದಿ ಮತ್ತೆ ಓಡಿಸಿದರು. ಪರದೆಯ ಮೇಲೆ ಅಂದಿನ ಬಸಲಿಂಗ ಭಿನ್ನರಾಶಿ ಕಲಿಸುತ್ತಿದ್ದರೆ, ಪಕ್ಕದಲ್ಲಿ ಕೂತ ಮೇಷ್ಟ್ರ ನಡುಗುವ ಕೈ ತಾನಾಗಿ ಆ ಪಾಠವನ್ನೇ ಆಡತೊಡಗಿತು.

“ನನಗೆ ಅವರ ಭಾಷೆ ಒಂದಕ್ಷರ ಬರಲ್ಲ ಸಾರ್. ಆದ್ರೆ ಎರಡು ಕೈನೂ ಒಂದೇ ಮಾತಾಡ್ತಿದೆ ಅಂತ ಗೊತ್ತಾಯ್ತು. ಕಣ್ಣು ತುಂಬ್ಕೊಂಡ್ಬಿಡ್ತು” ಎನ್ನುತ್ತಾರೆ ವೇಣಿ.

ಹನ್ನೊಂದು ವಾರದಲ್ಲಿ ಇನ್ನೂರ ಒಂಬತ್ತು ಪಾಠ ಸಿದ್ಧವಾದವು. ಮೂರು ಸಿ.ಡಿ. ಎಷ್ಟು ಮಾಡಿದರೂ ಓದಿಕೊಳ್ಳಲಿಲ್ಲ. ಆ ಮೂರನ್ನು ಮೇಷ್ಟ್ರು ನಡುಗುವ ಕೈಯಲ್ಲೇ, ನಿಧಾನವಾಗಿ, ಹೊಸದಾಗಿ ಕಲಿಸಿದರು. ಕ್ಯಾಮೆರಾ ಹಿಡಿದು ನಿಂತದ್ದು ವೇಣಿ.

ಈಗ ಆ ಪಾಠಗಳನ್ನು ಎಂಟು ಶಾಲೆಗಳ ಮಕ್ಕಳು ನೋಡುತ್ತಿದ್ದಾರೆ. ಕಿವಿ ಕೇಳದವರಲ್ಲಿ ಒಬ್ಬರನ್ನು ಕರೆಯಲು ಅಕ್ಷರವಲ್ಲ, ಸನ್ನೆಯೇ ಹೆಸರು. ಅದನ್ನು ಕಿವಿ ಕೇಳದವರೇ ಇಡಬೇಕು. ವೇಣಿ ಪರದೆಯನ್ನು ಹತ್ತಿರದಿಂದ ನೋಡುವಾಗ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳುತ್ತಾರೆ. ಮೇಷ್ಟ್ರು ಅದನ್ನೇ ಸನ್ನೆ ಮಾಡಿ ಮಕ್ಕಳಿಗೆ ಕಲಿಸಿದ್ದಾರೆ: ಎರಡು ಬೆರಳು ಹುಬ್ಬಿನಿಂದ ಹಣೆಗೆ.

ವೇಣಿ ಅದನ್ನು ನನಗೆ ಮಾಡಿ ತೋರಿಸುತ್ತಾರೆ, ಸ್ವಲ್ಪ ನಾಚಿಕೊಂಡೇ.

“ಹೊರಗಡೆ ಬೋರ್ಡಲ್ಲೂ ನನ್ನ ಹೆಸರಿಲ್ಲ ಸಾರ್. ಆದ್ರೆ ಆ ಮಕ್ಕಳ ಕೈಯಲ್ಲಿ ಇದೆ.”